ಕೆಳಗೆ ಹೊಲಿಗೆ, ಮೇಲೆ ಮನೆ: ತಾನೇ ಮುಚ್ಚಿಕೊಳ್ಳುವ ಬೆಂಕಿತಡೆ ಬಾಗಿಲು ಹಾಕಿಸಲೇಬೇಕೇ? ಅವ್ವನನ್ನು ಹೇಗೆ ಒಪ್ಪಿಸಲಿ?

ಕೌಲ್‌ಬಜಾರ್ ಹೊಲಿಗೆಯವ · ಭಾನುವಾರ, ರಾತ್ರಿ 9:40

ಬಳ್ಳಾರಿಯಲ್ಲಿ ನಮ್ಮದು ಹಳೆಯ ಮನೆ. ಕೆಳಗೆ ಹದಿನಾಲ್ಕು ಯಂತ್ರಗಳ ಜೀನ್ಸ್ ಹೊಲಿಗೆ, ಮೇಲೆ ನಾವು ಐದು ಜನ. ಬೀದಿ ಬಾಗಿಲು ದಾಟಿದರೆ ಓಣಿಯಂಥ ನಡುಹಾದಿ. ಅದರ ಎಡಕ್ಕೆ ಹೊಲಿಗೆ ಹಾಲ್‌ನ ಬಾಗಿಲು, ಎದುರಿಗೆ ಮೆಟ್ಟಿಲು. ನಮಗೆ ಕೆಲಸ ಕೊಡುವ ಹೊರರಾಜ್ಯದ ಕಂಪನಿಯವರು ಕಳೆದ ವಾರ ತಪಾಸಣೆಗೆ ಬಂದಿದ್ದರು. ಹಾಲ್‌ನಿಂದ ಮೆಟ್ಟಿಲಿನ ಕಡೆಗೆ ತೆರೆಯುವಲ್ಲಿ ಒಂದು ಗಂಟೆ ಬೆಂಕಿ ತಡೆಯುವ, ತಾನೇ ಮುಚ್ಚಿಕೊಳ್ಳುವ ಬಾಗಿಲು ಇರಬೇಕು, ಇಲ್ಲದಿದ್ದರೆ ಮುಂದಿನ ಆರ್ಡರ್ ಇಲ್ಲ ಎಂದು ಬರೆದುಕೊಟ್ಟು ಹೋದರು.

ನಮ್ಮ ಬಡಗಿಯ ಮಾತೇ ಬೇರೆ: "ಅಪ್ಪನ ಕಾಲದ ತೇಗದ ಬಾಗಿಲು, ಅದಕ್ಕೆ ಒಂದು ಕ್ಲೋಸರ್ ಜಡಿದರೆ ಆಯಿತು." ಅವನ ಮಾತು ಕೇಳಿ ಹಾರ್ಡ್‌ವೇರ್ ಅಂಗಡಿಯಿಂದ ಕ್ಲೋಸರ್, ಅಂದರೆ ತೆರೆದ ಬಾಗಿಲನ್ನು ತಾನೇ ಎಳೆದು ಮುಚ್ಚುವ ಸಲಕರಣೆ, ತಂದು ಹಾಕಿಸಿದೆ. ಅವ್ವ ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ದಾಟುತ್ತಾಳೆ, ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದರಲ್ಲಿ ಲೋಟಗಳ ತಟ್ಟೆ. ಮೊದಲ ದಿನವೇ ಬಾಗಿಲು ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿತು. ಸಂಜೆಯ ಹೊತ್ತಿಗೆ ಅಟ್ಟದ ಮೇಲಿದ್ದ ರುಬ್ಬುಗುಂಡು ಇಳಿದು ಬಂದು ಬಾಗಿಲ ಬುಡದಲ್ಲಿ ಕುಳಿತಿದೆ. ಎತ್ತಿಟ್ಟರೆ ಮತ್ತೆ ತಂದಿಡುತ್ತಾಳೆ.

ತೇಗದ ಬಾಗಿಲು ಸಾಕೇ? ಇದು ಕಾನೂನೇ, ಅಥವಾ ಕಂಪನಿಯವರ ಹಟವೇ? ಅವ್ವನಿಗೆ ಏನು ಹೇಳಲಿ?

ಬಿಸಿಲೂರಿನವ · 9:52

ಏಪ್ರಿಲ್‌ನಲ್ಲಿ ನಮ್ಮೂರಿನ ಬಾಗಿಲುಗಳೇ ಬೆಂಕಿ. ಒಳಗಿನದನ್ನು ತಡೆಯುವುದೋ, ಹೊರಗಿನದನ್ನು ತಡೆಯುವುದೋ ಮೊದಲು ತೀರ್ಮಾನಿಸಿ.

ಸಿರುಗುಪ್ಪ ಬಡಗಿ · 10:15

ನನ್ನ ವೃತ್ತಿಬಾಂಧವನನ್ನು ಬೈಯುವ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ತೇಗ ಒಳ್ಳೆಯ ಮರ, ನಿಧಾನವಾಗಿ ಸುಡುತ್ತದೆ. ಗಟ್ಟಿಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್‌ನಷ್ಟು ಕರಕಲಾಗುತ್ತಾ ಹೋಗುತ್ತದೆ. ನಲವತ್ತು ಮಿಲಿಮೀಟರ್ ದಪ್ಪದ ಬಾಗಿಲು ಗಂಟೆ ಹತ್ತಿರ ನಿಲ್ಲಬೇಕು ಎಂದು ನಿಮ್ಮ ಬಡಗಿ ಲೆಕ್ಕ ಹಾಕಿರಬೇಕು. ಆದರೆ ನಮ್ಮ ಕಡೆಯ ಹಳೆಯ ಬಾಗಿಲು ಎಲ್ಲಿ ಅಷ್ಟು ದಪ್ಪ? ಸುತ್ತಲಿನ ಪಟ್ಟಿ ಮಾತ್ರ. ನಡುವಿನ ಹಲಗೆ ಹದಿನೆಂಟೋ ಇಪ್ಪತ್ತೋ, ಅದೂ ಪಟ್ಟಿಯಲ್ಲಿ ಕೊರೆದ ಕಾಡಿಯಲ್ಲಿ ಕೂರಿಸಿದ್ದು, ಅಲ್ಲಿ ಇನ್ನೂ ತೆಳು. ಹೂಬಳ್ಳಿ ಕೆತ್ತಿದ್ದರೆ ಮತ್ತಷ್ಟು ಕಡಿಮೆ. ಬೆಂಕಿ ಪಟ್ಟಿಯನ್ನು ಹುಡುಕಿಕೊಂಡು ಬರುವುದಿಲ್ಲ, ಹಲಗೆಯನ್ನು ತೂತು ಮಾಡಿ ಬರುತ್ತದೆ.

ಇನ್ನು ಸಂದು. ಮಳೆಗಾಲದಲ್ಲಿ ಬಾಗಿಲು ಉಬ್ಬಿತು ಎಂದು ನಾವೇ ಉಜ್ಜುಗೊರಡು ಹಾಕಿ ಕೆರೆದಿರುತ್ತೇವೆ. ಬೇಸಿಗೆಗೆ ಬೆರಳು ತೂರುವಷ್ಟು ಸಂದು. ಅಲ್ಲಿಂದ ಹೊಗೆ ಬರಲು ಬೆಂಕಿಗಾಗಿ ಕಾಯಬೇಕಿಲ್ಲ.

ಹಗರಿ ದಂಡೆ · 10:31

ಅಣ್ಣ, ಇದೆಲ್ಲ ಬಾಗಿಲು ಮಾರುವವರ ಆಟ. ನಮ್ಮ ಅಜ್ಜಿ ಮಾಳಿಗೆ ಮನೆಯಲ್ಲಿ ಎಂಬತ್ತು ವರ್ಷ ಕಟ್ಟಿಗೆ ಒಲೆ ಉರಿಸಿದಳು. ಯಾವ ಬೆಂಕಿತಡೆ ಬಾಗಿಲಿತ್ತು?

ಸಿರುಗುಪ್ಪ ಬಡಗಿ · 10:38

ನಿಮ್ಮ ಅಜ್ಜಿಯ ಮನೆಗೆ ಮಣ್ಣಿನ ಮಾಳಿಗೆ, ಎರಡಡಿ ಗೋಡೆ. ಒಳಗೆ ಉರಿಯಲು ಒಂದು ಕಂಬಳಿ, ನಾಲ್ಕು ಚೀಲ. ಇವರ ಹಾಲ್‌ನಲ್ಲಿ ಬಟ್ಟೆಯ ರಾಶಿ, ನೂಲಿನ ಧೂಳು, ಇಸ್ತ್ರಿ, ಪ್ಲಾಸ್ಟಿಕ್ ಚೀಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಿವೃತ್ತ 101 · ಸೋಮವಾರ, ಬೆಳಿಗ್ಗೆ 6:20

ಅಗ್ನಿಶಾಮಕ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ಕಾನೂನಿನ ಪ್ರಶ್ನೆಗೆ ಮೊದಲು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಬೆಂಕಿ ಸುರಕ್ಷತೆಯದು. ಅದು ತಾನಾಗಿಯೇ ಕಾನೂನಲ್ಲ. ರಾಜ್ಯ ಮತ್ತು ನಗರಸಂಸ್ಥೆ ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಷ್ಟು ಮಟ್ಟಿಗೆ ಕಡ್ಡಾಯ. ಒಂದೇ ಕುಟುಂಬ ಇರುವ ಎರಡಂತಸ್ತಿನ ಮನೆಯಾಗಿದ್ದರೆ ಈ ಬಾಗಿಲನ್ನು ಯಾರೂ ಕೇಳುತ್ತಿರಲಿಲ್ಲ. ನಿಮ್ಮಲ್ಲಿ ಕೆಳಗೆ ಉದ್ಯಮ, ಮೇಲೆ ಜನ ಮಲಗುತ್ತಾರೆ. ಸಂಹಿತೆ ಇಂಥದ್ದನ್ನು ಮಿಶ್ರ ಬಳಕೆ ಎನ್ನುತ್ತದೆ, ಎರಡನ್ನೂ ಬೆಂಕಿ ದಾಟದಂತೆ ಬೇರ್ಪಡಿಸು ಎನ್ನುತ್ತದೆ. ಕಂಪನಿಯವರು ಕೇಳಿದ್ದು ಹಟವಲ್ಲ.

2019ರ ಡಿಸೆಂಬರ್‌ನಲ್ಲಿ ದೆಹಲಿಯ ಅನಾಜ್ ಮಂಡಿಯಲ್ಲಿ 43 ಜನ ಸತ್ತದ್ದು ನೆನಪಿರಬಹುದು. ಇಕ್ಕಟ್ಟಾದ ಬೀದಿ, ಕಟ್ಟಡದ ತುಂಬ ಸಣ್ಣ ಕಾರ್ಖಾನೆಗಳು, ಅಲ್ಲಿಯೇ ಮಲಗಿದ್ದ ಕೆಲಸಗಾರರು. ಹೆಚ್ಚಿನವರನ್ನು ಕೊಂದದ್ದು ಉಸಿರುಗಟ್ಟಿಸಿದ ಹೊಗೆ.

ಈಗ ನನ್ನದೊಂದು ಪ್ರಶ್ನೆ. ನೀವು ಬರೆದ ನಡುಹಾದಿಯಲ್ಲಿ ಏನೇನು ಇಟ್ಟಿದ್ದೀರಿ? ಇದ್ದದ್ದು ಇದ್ದ ಹಾಗೆ ಹೇಳಿ.

ಕೌಲ್‌ಬಜಾರ್ ಹೊಲಿಗೆಯವ · 8:05

ಹಿರಿಯರೇ, ಸಿಕ್ಕಿಬಿದ್ದೆ. ಮೆಟ್ಟಿಲ ಕೆಳಗೆ ಡೆನಿಮ್ ಥಾನುಗಳು. ಗೋಡೆಗೆ ಒರಗಿಸಿ ಕತ್ತರಿಸಿದ ಚಿಂದಿಯ ಚೀಲಗಳು. ಮತ್ತೆ ಮಗನ ವಿದ್ಯುತ್ ಸ್ಕೂಟರ್, ರಾತ್ರಿ ಅಲ್ಲಿಯೇ ಚಾರ್ಜ್ ಆಗುತ್ತದೆ.

ನಿವೃತ್ತ 101 · 8:11

ಅಲ್ಲಪ್ಪ, ಬಾಗಿಲಿನ ಈಚೆಗೇ ಕಟ್ಟಿಗೆ ಒಟ್ಟಿ ಆಚೆಯ ಬೆಂಕಿಗೆ ಬಾಗಿಲು ಹಾಕುತ್ತೀರಾ? ನೀವು ಮೇಲಿನಿಂದ ಇಳಿದು ಬೀದಿಗೆ ಹೋಗುವುದು ಅದೇ ಹಾದಿಯಲ್ಲಿ ತಾನೇ? ಬೇರೆ ಮೆಟ್ಟಿಲು ಇದೆಯೇ?

ಕೌಲ್‌ಬಜಾರ್ ಹೊಲಿಗೆಯವ · 8:14

ಇಲ್ಲ. ತಾರಸಿಯಿಂದ ಪಕ್ಕದ ದೊಡ್ಡಪ್ಪನ ಮನೆಯ ತಾರಸಿಗೆ ದಾಟಬಹುದು. ನಡುವೆ ಸೊಂಟದೆತ್ತರದ ಗೋಡೆ.

ನಿವೃತ್ತ 101 · 8:22

ಹಾಗಾದರೆ ಮೊದಲ ಕೆಲಸ ದುಡ್ಡಿಲ್ಲದ್ದು. ಥಾನು ಮತ್ತು ಚಿಂದಿಯನ್ನು ಇವತ್ತೇ ಹಾಲ್‌ನೊಳಗೆ ಹಾಕಿ. ಸ್ಕೂಟರ್ ರಾತ್ರಿ ಆ ಹಾದಿಯಲ್ಲಿ ಬೇಡ. ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬೀರುವಿನಲ್ಲಿ ಇಡುವ ರೂಢಿ ಇದ್ದರೆ ಬಿಡಿ. ಒಳಗಿನಿಂದ ಕೀಲಿ ಇಲ್ಲದೆ ತೆಗೆಯುವಂತಿರಲಿ. ದೊಡ್ಡಪ್ಪನವರ ಕಡೆಯ ಬಾಗಿಲಿನ ಬಗ್ಗೆಯೂ ಅವರ ಹತ್ತಿರ ಮಾತಾಡಿ, ತಾರಸಿ ದಾಟಿದ ಮೇಲೆ ಅಲ್ಲಿ ಬೀಗ ಕಾಣಬಾರದು. ಇದಾದ ಮೇಲೆ ಬಾಗಿಲಿನ ವಿಚಾರ ಕೇಳಿ.

ಹಗರಿ ದಂಡೆ · 8:40

ಸ್ಕೂಟರ್ ಬೇಡವಂತೆ. ಸರ್ಕಾರ ಕೊಳ್ಳಿ ಅನ್ನುತ್ತದೆ, ಇವರು ಹೊರಗೆ ನಿಲ್ಲಿಸಿ ಅನ್ನುತ್ತಾರೆ. ಹೊರಗೆ ನಿಲ್ಲಿಸಿದರೆ ಬೆಳಿಗ್ಗೆ ಕನ್ನಡಿ ಇರುವುದಿಲ್ಲ. ಪೆಟ್ರೋಲ್ ಗಾಡಿಯನ್ನು ಮನೆಯೊಳಗೆ ನಿಲ್ಲಿಸಿದಾಗ ಯಾರೂ ಮಾತಾಡಲಿಲ್ಲ.

ತೋರಣಗಲ್ಲು ವೈರ್‌ಮನ್ · 9:03

ಪೆಟ್ರೋಲ್ ಗಾಡಿಯೂ ಅಲ್ಲಿರಬಾರದು, ಅದು ನಿಜ. ಆದರೆ ನಾವೆಲ್ಲ ಮಲಗಿದ ಮೇಲೆ ಅದಕ್ಕೆ ಯಾರೂ ವಿದ್ಯುತ್ ಹರಿಸುತ್ತಾ ಕೂರುವುದಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಸರಣಿ ಶುರುವಾದರೆ ಹೊಗೆಯ ಜೊತೆ ವಿಷಾನಿಲ ಬುಸುಗುಟ್ಟಿ ಬರುತ್ತದೆ. ಬಿಸಿಲಲ್ಲಿ ಓಡಿಸಿ ತಂದ ಗಾಡಿಯನ್ನು ಹಾಗೆಯೇ ಚಾರ್ಜ್‌ಗೆ ಹಾಕಬೇಡಿ, ಸ್ವಲ್ಪ ಆರಲು ಬಿಡಿ. ಮೂರು ಪಿನ್ನಿನ ಉದ್ದ ಎಕ್ಸ್‌ಟೆನ್ಶನ್ ಎಳೆದು ಹಾಕುವುದು ಇನ್ನೂ ಕೆಟ್ಟದ್ದು.

ಕಿನ್ನಾಳದ ಕಡೆಯವ · ಮಧ್ಯಾಹ್ನ 1:17

ಕೊಪ್ಪಳದವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇದ್ದೇನೆ. ಇಲ್ಲಿ ಮನೆಗೆ ಅಂಟಿಕೊಂಡ ಕಾರು ಶೆಡ್ಡಿನಿಂದ ಮನೆಯೊಳಗೆ ಬರುವ ಬಾಗಿಲು ಮೂವತ್ತು ನಿಮಿಷದ್ದಿರಬೇಕು, ತಾನೇ ಮುಚ್ಚಿಕೊಳ್ಳಬೇಕು. ಚೆಲ್ಲಿದ ಪೆಟ್ರೋಲ್ ಒಳಗೆ ಹರಿಯದಂತೆ ಹೊಸ್ತಿಲು ಶೆಡ್ಡಿನ ನೆಲಕ್ಕಿಂತ ಎತ್ತರದಲ್ಲಿರಬೇಕು ಅಥವಾ ನೆಲ ಹೊರಕ್ಕೆ ಇಳಿಜಾರಾಗಿರಬೇಕು. ನಿಮ್ಮ ನಡುಹಾದಿಯ ಕಥೆಗೆ ಹತ್ತಿರದ್ದು ಇದೇ.

2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನ ಸತ್ತರು. ಕೆಲವು ಮನೆಗಳ ಬಾಗಿಲಿನ ಕ್ಲೋಸರ್ ಮುರಿದಿತ್ತು ಅಥವಾ ಇರಲೇ ಇಲ್ಲ, ಜನ ಓಡಿಹೋದಾಗ ಬಾಗಿಲು ತೆರೆದೇ ಉಳಿದು ಹೊಗೆ ಮೊಗಸಾಲೆಗೆ ನುಗ್ಗಿತು ಎಂಬುದು ವಿಚಾರಣೆಯಲ್ಲಿ ಹೊರಬಂತು. 2023ರ ಜನವರಿಯಿಂದ ಇಲ್ಲಿ 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಸಾಮಾನ್ಯ ಜಾಗದ ಬೆಂಕಿತಡೆ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು.

ಹಾಗೆಂದು ಇಲ್ಲಿಯವರು ಮಹಾ ಸಜ್ಜನರು ಅಂದುಕೊಳ್ಳಬೇಡಿ. ನಾನು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಒಬ್ಬ ತನ್ನ ಹತ್ತು ಕಿಲೋ ಡಂಬೆಲ್ ಇಡುತ್ತಿದ್ದ. ನಿಮ್ಮವ್ವನದು ರುಬ್ಬುಗುಂಡು, ಅಷ್ಟೇ ವ್ಯತ್ಯಾಸ.

ರಾಯಚೂರು ಅಕ್ಕ · 2:05

ಆ ಹಾರ್ಡ್‌ವೇರ್ ಅಂಗಡಿಯ ಕ್ಲೋಸರ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಪಿಜಿ ಇದೆ, ಎಂಟು ಬಾಗಿಲಿಗೂ ಕ್ಲೋಸರ್. ಮೊದಲ ತಿಂಗಳು ಧಡ್ ಧಡ್ ಸದ್ದಿಗೆ ಓಣಿಯವರು ಜಗಳಕ್ಕೆ ಬಂದರು, ಒಬ್ಬಳ ಬೆರಳೂ ಸಿಕ್ಕಿತು. ಆಮೇಲೆ ತಿಳಿದದ್ದು, ಕ್ಲೋಸರ್‌ನ ತುದಿಯಲ್ಲಿ ಎರಡು ಸಣ್ಣ ಸ್ಕ್ರೂ ಇರುತ್ತವೆ. ಒಂದು ಬಾಗಿಲು ತಿರುಗಿ ಬರುವ ವೇಗಕ್ಕೆ, ಇನ್ನೊಂದು ಕೊನೆಯ ಗೇಣಿನಲ್ಲಿ ಚಿಲಕಕ್ಕೆ ಕೂರುವ ವೇಗಕ್ಕೆ. ಕಾಲು ಸುತ್ತು ತಿರುಗಿಸಿ ನೋಡಿ, ಬಿಡಿ, ಮತ್ತೆ ನೋಡಿ. ಆತುರಪಟ್ಟು ಪೂರ್ತಿ ಬಿಚ್ಚಿದರೆ ಎಣ್ಣೆ ಸೋರಿ ಕ್ಲೋಸರ್ ಸತ್ತಂತೆ. ನಾನು ಒಂದನ್ನು ಹಾಗೆ ಕೊಂದಿದ್ದೇನೆ, ಗೋಡೆಯ ಮೇಲೆ ಎಣ್ಣೆಯ ಕಲೆ ಇನ್ನೂ ಇದೆ.

ಅಮ್ಮನವರ ಬೆನ್ನಿಗೆ ಗುದ್ದಿದ್ದು ಕ್ಲೋಸರ್‌ನ ಗುಣವಲ್ಲ, ಹೊಂದಿಸದೆ ಹೋದವನ ತಪ್ಪು.

ಸಿರುಗುಪ್ಪ ಬಡಗಿ · 2:19

ಅಕ್ಕನ ಮಾತಿಗೆ ಒಂದು ತಿದ್ದುಪಡಿ. ತೀರಾ ನಿಧಾನ ಮಾಡಿದರೂ ಕಷ್ಟ. ಬಾಗಿಲು ಬಂದು ಚಿಲಕದ ಮುಂದೆ ನಿಂತುಬಿಡುತ್ತದೆ, ಒಂದು ಬೆರಳು ಸಂದು ಉಳಿಯುತ್ತದೆ. ಹೊಗೆಗೆ ಅಷ್ಟೇ ಸಾಕು. ಪೂರ್ತಿ ತೆರೆದು ಬಿಟ್ಟು ನೋಡಬೇಕು, ಕಾಲು ತೆರೆದು ಬಿಟ್ಟೂ ನೋಡಬೇಕು. ಎರಡರಲ್ಲೂ "ಟಕ್" ಎಂದು ನಾಲಿಗೆ ಕೂರಬೇಕು.

ರಾಯಚೂರು ಅಕ್ಕ · 2:24

ಒಪ್ಪಿದೆ. ಇದೇ ನೆಪದಲ್ಲಿ ಕೇಳುತ್ತೇನೆ, ಪಿಜಿಯ ಅಡುಗೆಮನೆಗೂ ಇಂಥ ಬಾಗಿಲು ಹಾಕಿ ಸುತ್ತಲೂ ಬಿಗಿ ಮಾಡಿಬಿಡಲೇ?

ನಿವೃತ್ತ 101 · 4:50

ತಂಗಿ, ಬಾಗಿಲು ಹಾಕಿ, ಆದರೆ ಅಡುಗೆಮನೆಯನ್ನು ಡಬ್ಬಿ ಮಾಡಬೇಡ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಹೊರಗೋಡೆಯಲ್ಲಿ ನೆಲಮಟ್ಟಕ್ಕೆ ಜಾಲರಿ ಕಿಂಡಿ ಇರಲಿ. ರಬ್ಬರ್ ಕೊಳವೆಗೆ ಐದು ವರ್ಷ ಆಗಿದ್ದರೆ ಬದಲಾಯಿಸು, ಅದರ ಮೇಲೆ ಅವಧಿ ಅಚ್ಚಾಗಿರುತ್ತದೆ.

ಈಗ ಹೊಲಿಗೆಯವರ ಬಾಗಿಲು. ಬೆಂಕಿತಡೆ ಬಾಗಿಲು ಅಂದರೆ ಹಲಗೆ ಮಾತ್ರವಲ್ಲ. ಚೌಕಟ್ಟು, ಬಾಗಿಲು ತಿರುಗುವ ಕಬ್ಜಾ, ಬೀಗ, ಕ್ಲೋಸರ್, ಅಂಚಿನ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಕುಲುಮೆಯ ಮುಂದೆ ನಿಲ್ಲಿಸಿ ಸುಟ್ಟು ಪರೀಕ್ಷೆ ಮಾಡುತ್ತಾರೆ. ನಮ್ಮ ಮಾನಕ ಐಎಸ್ 3614. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಕಡೆ ಆ ಪರೀಕ್ಷೆ ನಡೆಯುತ್ತದೆ. ವ್ಯಾಪಾರಿಯ ಹತ್ತಿರ ಪರೀಕ್ಷಾ ವರದಿಯ ಪ್ರತಿ ಕೇಳಿ, ನಿಮಗೆ ಕೊಡುವ ಬಾಗಿಲಿನ ಅಳತೆ ಮತ್ತು ಬಗೆ ಅದರಲ್ಲಿದೆಯೇ ನೋಡಿ. ಬರಿಯ "ಒಂದು ಗಂಟೆ" ಎಂದು ಬಿಲ್ಲಿನಲ್ಲಿ ಬರೆದರೆ ಅದು ಬಿಲ್ಲಿನ ಮಾತು.

ಅಂಚಿನಲ್ಲಿ ಕೂರಿಸುವ ಪಟ್ಟಿ ಸುಮಾರು 200 ಡಿಗ್ರಿ ತಲುಪಿದಾಗ ಉಬ್ಬಿ ಸಂದನ್ನು ಮುಚ್ಚುತ್ತದೆ. ಹೊಗೆ ಅದಕ್ಕಿಂತ ಎಷ್ಟೋ ಮೊದಲು, ತಣ್ಣಗಿರುವಾಗಲೇ ಬರುತ್ತದೆ. ಅದಕ್ಕೆ ಕುಂಚದಂಥ ಹೊಗೆಪಟ್ಟಿ ಬೇರೆ. ಎರಡೂ ಒಂದೇ ಪಟ್ಟಿಯಲ್ಲಿ ಬರುವುದುಂಟು, ಅದನ್ನೇ ಕೇಳಿ.

ಕಿನ್ನಾಳದ ಕಡೆಯವ · 5:12

ಸಂದು ಎಷ್ಟಿರಬೇಕು ಎಂದು ಇಲ್ಲಿ ಜನ ಒಂದು ಪೌಂಡ್ ನಾಣ್ಯ ತೂರಿಸಿ ನೋಡುತ್ತಾರೆ. ಅದರ ದಪ್ಪ ಹೆಚ್ಚುಕಡಿಮೆ 3 ಮಿಲಿಮೀಟರ್.

ಬಿಸಿಲೂರಿನವ · 5:15

ನಮ್ಮಲ್ಲಿ ನಾಣ್ಯ ತೂರಿಸಿದರೆ ಚೌಕಟ್ಟಿನ ಹಿಂದೆ ಬಿದ್ದು ಮರಳಿ ಬರುವುದಿಲ್ಲ.

ಸಿರುಗುಪ್ಪ ಬಡಗಿ · 5:33

3 ಮಿಲಿಮೀಟರ್ ಪ್ಲೈವುಡ್ ತುಂಡು ಜೇಬಿನಲ್ಲಿಟ್ಟುಕೊಳ್ಳಿ, ಅದಕ್ಕಿಂತ ನಂಬಿಕೆಯ ಅಳತೆಗೋಲಿಲ್ಲ.

ಇನ್ನೊಂದು ಮುಖ್ಯ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿದ ಖಾಲಿಯನ್ನು ಹಳದಿ ನೊರೆ ಊದಿ ಮುಚ್ಚುವ ಚಾಳಿ ಈಗ ಬಂದಿದೆ. ಐದು ನಿಮಿಷದ ಕೆಲಸ, ಮೇಲೆ ಪಟ್ಟಿ ಹೊಡೆದರೆ ಕಾಣುವುದೇ ಇಲ್ಲ. ಆ ಸಾಮಾನ್ಯ ನೊರೆ ಸ್ವತಃ ಉರಿಯುವಂಥದ್ದು. ಗಂಟೆಯ ಬಾಗಿಲನ್ನು ಅದರ ನಡುವೆ ನಿಲ್ಲಿಸಿದರೆ ಬಾಗಿಲು ಉಳಿಯುತ್ತದೆ, ಸುತ್ತಲಿನ ದಾರಿ ತೆರೆಯುತ್ತದೆ. ಸಿಮೆಂಟ್ ಗಾರೆ ತುಂಬಿಸಿ. ಕೂಲಿಯವರು ಗೊಣಗಿದರೂ ಪಕ್ಕದಲ್ಲಿ ನಿಂತು ಮಾಡಿಸಿ.

ತುಂಗಭದ್ರೆ ತೀರ · 6:01

ಕಬ್ಬಿಣದ ಬಾಗಿಲು ಹಾಕಿದರೆ ಮುಗಿಯಿತಲ್ಲ? ಕಬ್ಬಿಣ ಉರಿಯುವುದಿಲ್ಲ.

ನಿವೃತ್ತ 101 · 6:30

ಉರಿಯುವುದಿಲ್ಲ, ಕಾಯುತ್ತದೆ, ಸೊಟ್ಟಗಾಗುತ್ತದೆ. ಒಂದೇ ತಗಡಿನ ಬಾಗಿಲು ಬಿಸಿಗೆ ಡೊಂಕಾಗಿ ಮೂಲೆ ಬಿಡುತ್ತದೆ. ಪರೀಕ್ಷೆಯಾದ ಉಕ್ಕಿನ ಬಾಗಿಲು ಎರಡು ತಗಡಿನದು, ನಡುವೆ ಜೇನುಗೂಡಿನಂಥ ಕಾಗದವನ್ನೋ ಖನಿಜದ ಉಣ್ಣೆಯನ್ನೋ ತುಂಬಿರುತ್ತಾರೆ. ಕಾಗದದ್ದು ಜ್ವಾಲೆಯನ್ನು ತಡೆದರೂ ಈಚೆಯ ತಗಡು ಕೈ ಸುಡುವಷ್ಟು ಕಾಯುತ್ತದೆ. ಇವರ ಮೆಟ್ಟಿಲು ಬಾಗಿಲಿನ ಪಕ್ಕದಲ್ಲೇ ಇರುವುದರಿಂದ ಶಾಖ ತಡೆಯುವ ಬಗೆಯೇ ಒಳ್ಳೆಯದು. ಬೆಲೆ ಹೆಚ್ಚು, ಗೊತ್ತು.

ಹಗರಿ ದಂಡೆ · 6:44

ಬೆಲೆಯ ಮಾತು ಈಗ ಬಂತು ನೋಡಿ. ಕೆಲಸ ಕೊಡುವ ಕಂಪನಿ ಒಂದು ಪ್ಯಾಂಟಿಗೆ ಹೊಲಿಗೆ ಕೂಲಿ ಎಷ್ಟು ಕೊಡುತ್ತದೆ, ಬಾಗಿಲು ಎಷ್ಟು ಕೇಳುತ್ತದೆ? ಬಾಗಿಲಿನ ದುಡ್ಡನ್ನು ಅವರೂ ಹಾಕಲಿ.

ಕೌಲ್‌ಬಜಾರ್ ಹೊಲಿಗೆಯವ · 7:20

ಈ ಮಾತಿಗೆ ಮಾತ್ರ ನಾನು ಹಗರಿ ದಂಡೆಯವರ ಕಡೆ. ಕೇಳಿದ್ದೇನೆ. "ಪರಿಶೀಲಿಸುತ್ತೇವೆ" ಅಂದಿದ್ದಾರೆ.

ಹಾದಿ ಖಾಲಿ ಮಾಡಿಸಿದೆ. ಸ್ಕೂಟರ್ ವಿಷಯಕ್ಕೆ ಮಗನ ಜೊತೆ ಮಾತು ಬಿಟ್ಟಿದೆ. ಇನ್ನು ಉಳಿದದ್ದು ಅವ್ವ.

ತೋರಣಗಲ್ಲು ವೈರ್‌ಮನ್ · 8:02

ನಿಮ್ಮವ್ವನ ಕಷ್ಟಕ್ಕೆ ದಾರಿ ಇದೆ. ಗೋಡೆಗೆ ಒಂದು ವಿದ್ಯುತ್ಕಾಂತ, ಬಾಗಿಲಿಗೆ ಒಂದು ಉಕ್ಕಿನ ಬಿಲ್ಲೆ. ಹಗಲೆಲ್ಲ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಹೊಗೆ ಸಂವೇದಕ ಕೂಗಿದರೆ ಕಾಂತಕ್ಕೆ ಹರಿಯುವ ವಿದ್ಯುತ್ ಕಡಿದು ಕ್ಲೋಸರ್ ಬಾಗಿಲನ್ನು ಎಳೆದು ಮುಚ್ಚುತ್ತದೆ. ವಿದ್ಯುತ್ ಹೋದರೂ ಬಿಟ್ಟುಬಿಡುತ್ತದೆ, ಹಾಗೇ ಇರಬೇಕು. ತೆರೆದಲ್ಲೇ ನಿಲ್ಲುವ ಕೊಕ್ಕೆಯ ಕ್ಲೋಸರ್ ಕೊಳ್ಳಬೇಡಿ, ಅದನ್ನು ಬಿಡಿಸಲು ಬೆಂಕಿಯ ಹೊತ್ತಿಗೆ ಯಾರೂ ಬರುವುದಿಲ್ಲ.

ಹಾಲ್‌ನೊಳಗೆ ಹೊಗೆ ಸಂವೇದಕ ಹಾಕಿದರೆ ನೂಲಿನ ಧೂಳಿಗೆ, ಇಸ್ತ್ರಿಯ ಹಬೆಗೆ ದಿನವೂ ಕೂಗುತ್ತದೆ. ಅಲ್ಲಿ ಶಾಖದ್ದು, ನಡುಹಾದಿಯಲ್ಲಿ ಮತ್ತು ಮೇಲೆ ಮಲಗುವ ಕೋಣೆಯ ಹೊರಗೆ ಹೊಗೆಯದು.

ಬಿಸಿಲೂರಿನವ · 8:09

ವಿದ್ಯುತ್ ಹೋದಾಗಲೆಲ್ಲ ಬಾಗಿಲು ಮುಚ್ಚುತ್ತದೆಯೇ? ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಾದರೆ ಅದು ಬಾಗಿಲಲ್ಲ, ಬೀಸಣಿಗೆ.

ಕೌಲ್‌ಬಜಾರ್ ಹೊಲಿಗೆಯವ · ಏಳು ವಾರಗಳ ನಂತರ, ಶನಿವಾರ

ಕೇಳಿದವರಿಗೆ ಸುದ್ದಿ. ಬಾಗಿಲು ಬಂತು, ಖನಿಜದ ಉಣ್ಣೆಯದು. ಇಬ್ಬರು ಹೊತ್ತು ತಂದರು. ಜೋಡಿಸುವವರು ನೊರೆಯ ಡಬ್ಬಿ ತೆಗೆದದ್ದೇ ತಡ, ಗಾರೆಯೇ ಆಗಬೇಕು ಎಂದೆ. ಮುಖ ಊದಿಸಿಕೊಂಡರೂ ತುಂಬಿದರು. ಪ್ಲೈವುಡ್ ತುಂಡು ಮೂರು ಕಡೆ ಸರಿಯಾಗಿ ಸರಿದಾಡಿತು, ಬೀಗದ ಮೇಲ್ಭಾಗದಲ್ಲಿ ಎರಡು ತುಂಡು ಒಟ್ಟಿಗೆ ತೂರಿತು. ಕಬ್ಜಾ ಬಿಚ್ಚಿಸಿ ಮತ್ತೆ ಕೂರಿಸಿದರು, ಅದಕ್ಕೇ ಅರ್ಧ ದಿನ. ಕಂಪನಿಯವರು ಕಾಲುಭಾಗ ದುಡ್ಡು ಕೊಟ್ಟಿದ್ದಾರೆ.

ಎಡವಟ್ಟು ಆದದ್ದು ಬಣ್ಣ ಬಳಿಯುವವನಿಂದ. ಚೌಕಟ್ಟಿಗೆ ಹೊಂದಲಿ ಎಂದು ಅಂಚಿನ ಪಟ್ಟಿಗೂ ಕುಂಚ ಆಡಿಸಿದ್ದಾನೆ. ಕಬ್ಜಾ ಬದಿಯ ಅಂಚಿನಲ್ಲಿದ್ದ ತಯಾರಕರ ಲೋಹದ ಚೀಟಿಯನ್ನೂ ಬಿಟ್ಟಿಲ್ಲ. ಹೊಗೆಯ ಕುಂಚದ ಕೂದಲು ಒಣಗಿ ಕಡ್ಡಿಯಾಗಿತ್ತು. ಪಟ್ಟಿ ಬದಲಾಯಿಸಿದ್ದಾಯಿತು, ಚೀಟಿಯನ್ನು ನಾನೇ ಉಗುರಿನಲ್ಲಿ ಕೆರೆದು ಓದುವಂತೆ ಮಾಡಿದೆ.

ಅಮಾವಾಸ್ಯೆಯ ದಿನ ಅವ್ವ ಸುತ್ತಿಗೆ, ಮೊಳೆ, ನಿಂಬೆಹಣ್ಣು, ಮೆಣಸಿನಕಾಯಿ ಹಿಡಿದು ಬಂದಳು. ಬಾಗಿಲಿಗೆ ತೂತು ಮಾಡಬಾರದು ಎಂದು ಅಡ್ಡ ನಿಂತೆ. ಅರ್ಧ ಗಂಟೆ ವಾದ. ಕೊನೆಗೆ ನಿಂಬೆಹಣ್ಣು ಬೀದಿ ಬಾಗಿಲಿಗೆ ಹೋಯಿತು, ದೃಷ್ಟಿ ಬರುವುದು ಬೀದಿಯಿಂದಲೇ ಅಲ್ಲವೇ ಎಂದು ಅವಳೇ ತೀರ್ಪು ಕೊಟ್ಟಳು.

ಕಾಂತ ಕೆಲಸ ಮಾಡುತ್ತಿದೆ. ವಿದ್ಯುತ್ ಹೋದರೆ ದೀಪ ನೋಡುವ ಮೊದಲೇ ಬಾಗಿಲ "ಟಕ್" ಕೇಳಿ, "ಹೋಯಿತು" ಎನ್ನುತ್ತಾಳೆ. ರಾತ್ರಿ ಮಲಗುವ ಮುನ್ನ ಗುಂಡಿ ಒತ್ತಿ ಮುಚ್ಚುವುದು ಅವಳದೇ ಪಾಳಿ.

ನಿವೃತ್ತ 101 · ಅದೇ ದಿನ

ತಾರಸಿಯ ಬಾಗಿಲು? ಅದನ್ನು ಹೇಳಲಿಲ್ಲ.

ಕೌಲ್‌ಬಜಾರ್ ಹೊಲಿಗೆಯವ

ನಮ್ಮ ಕಡೆ ಬೀಗ ತೆಗೆದು ಒಳಚಿಲಕ ಹಾಕಿಸಿದೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ, "ನಿಮ್ಮ ಹುಡುಗ ನನ್ನ ಹಪ್ಪಳ ಕದಿಯುತ್ತಾನೆ" ಅನ್ನುತ್ತಾರೆ. ನಾಳೆ ಅವ್ವನನ್ನು ಕಳಿಸುತ್ತೇನೆ.

ರಾಯಚೂರು ಅಕ್ಕ

ರುಬ್ಬುಗುಂಡು ಏನಾಯಿತು?

ಕೌಲ್‌ಬಜಾರ್ ಹೊಲಿಗೆಯವ

ಬೀದಿ ಬಾಗಿಲಿಗೆ ಹೋಗಿದೆ, ಗಾಳಿಗೆ ಬಡಿದುಕೊಳ್ಳುತ್ತದಂತೆ.